ಬಿಡಿಸಿದವರೇ ಕಟ್ಟಿದ ಆಟ

1913ರ ಡಿಸೆಂಬರ್ ತಿಂಗಳು. ನ್ಯೂಯಾರ್ಕಿನ ‘ವರ್ಲ್ಡ್’ ದಿನಪತ್ರಿಕೆಯಲ್ಲಿ ಆರ್ಥರ್ ವಿನ್ ಎಂಬಾತ ಪುಟ ತುಂಬಿಸುವ ಚಿಂತೆಯಲ್ಲಿದ್ದ. ಭಾನುವಾರದ ‘ಫನ್’ ಪುರವಣಿಯ ಹೊಣೆ ಅವನದು. ಕ್ರಿಸ್‌ಮಸ್ ಸಂಚಿಕೆ ಅಚ್ಚಿಗೆ ಹೋಗುವ ದಿನ ಹತ್ತಿರ ಬಂದಿತ್ತು. ಒಗಟು, ಅಕ್ಷರ ಪಲ್ಲಟ, ಚಿತ್ರದಲ್ಲಿ ಅಡಗಿದ ಮಾತು, ಇವನ್ನೆಲ್ಲ ಓದುಗರು ನೋಡಿ ನೋಡಿ ದಣಿದಿದ್ದರು. ಹೊಸದೇನಾದರೂ ಬೇಕಿತ್ತು, ಅದೂ ಕೂಡಲೇ ಬೇಕಿತ್ತು.

ವಿನ್ ಹುಟ್ಟಿದ್ದು 1871ರಲ್ಲಿ, ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ. ಚಿಕ್ಕಂದಿನಲ್ಲಿ ಆಡಿದ್ದ ಪದಚೌಕದ ಆಟ ಅವನಿಗೆ ನೆನಪಾಯಿತು. ಆ ಚೌಕದಲ್ಲಿ ಅಡ್ಡ ಓದಿದರೂ ಉದ್ದ ಓದಿದರೂ ಅವವೇ ಪದಗಳು ಬರುತ್ತಿದ್ದವು. ಅಡ್ಡಕ್ಕೊಂದು, ಉದ್ದಕ್ಕೆ ಬೇರೆಯೇ ಇನ್ನೊಂದು ಪದ ಬಂದರೆ ಹೇಗೆ? ಪದಗಳನ್ನೇ ಕೊಡದೆ ಸುಳಿವು ಮಾತ್ರ ಕೊಟ್ಟು, ಮನೆಗಳನ್ನು ಖಾಲಿ ಬಿಟ್ಟರೆ? ಆತ ವಜ್ರಾಕಾರದ ಒಂದು ಜಾಲ ಎಳೆದ. ನಡುವೆ ಬಯಲು. ಕಪ್ಪು ಮನೆ ಒಂದೂ ಇರಲಿಲ್ಲ. ಮೇಲ್ಭಾಗದಲ್ಲಿ ಪುರವಣಿಯ ಹೆಸರಿನ ಮೂರು ಅಕ್ಷರಗಳನ್ನು ತಾನೇ ತುಂಬಿದ. ಡಿಸೆಂಬರ್ 21ರ ಭಾನುವಾರ ಅದು ‘ವರ್ಡ್-ಕ್ರಾಸ್’ ಎಂಬ ಹೆಸರಿನಲ್ಲಿ ಹೊರಬಂತು.

ಮೊದಲ ಪದಬಂಧದಲ್ಲೇ ತಪ್ಪುಗಳು ನುಸುಳಿದ್ದವು. ಪಾರಿವಾಳದ ಸುಳಿವು ಎರಡು ಕಡೆ ಬಂದಿತ್ತು, ಉತ್ತರವೂ ಎರಡು ಕಡೆ ಒಂದೇ. ಇನ್ನೊಂದು ಸುಳಿವಿನಲ್ಲಿ ಗೊಮುಟಿ ಎಂಬ ತಾಳೆಮರದ ನಾರಿಗೆ ಏನೆನ್ನುತ್ತಾರೆಂದು ಕೇಳಿದ್ದ. ದಪ್ಪ ನಿಘಂಟು ಪಕ್ಕದಲ್ಲಿಲ್ಲದೆ ಆ ಉತ್ತರ ಎಷ್ಟು ಜನಕ್ಕೆ ಹೊಳೆದೀತು? ಆದರೂ ಓದುಗರು ಬಿಡಲಿಲ್ಲ. ಇನ್ನಷ್ಟು ಬೇಕೆಂದು ಬರೆದರು, ತಾವೇ ಕಟ್ಟಿ ಕಳಿಸತೊಡಗಿದರು. ಕೆಲವು ವಾರಗಳಲ್ಲಿ ಅಚ್ಚಿನ ಮನೆಯ ಎಡವಟ್ಟಿನಿಂದ ಹೆಸರೂ ಹಿಂದುಮುಂದಾಗಿ ‘ಕ್ರಾಸ್-ವರ್ಡ್’ ಆಯಿತು. ಯಾರೂ ತಿದ್ದಲಿಲ್ಲ. ಜಗತ್ತಿಗೆ ಉಳಿದದ್ದು ಆ ತಪ್ಪು ಹೆಸರೇ.

ಮುಂದಿನ ಏಳೆಂಟು ವರ್ಷ ಆ ಆಟ ಅನಾಥವಾಗಿಯೇ ಬೆಳೆಯಿತು. ಅಚ್ಚಿನ ಮೊಳೆ ಜೋಡಿಸುವವರಿಗೆ ಅದು ತಲೆನೋವು. ಸಣ್ಣ ಚೌಕ, ಸಣ್ಣ ಅಂಕಿ, ಒಂದು ಕಡೆ ತಪ್ಪಿದರೆ ಇಡೀ ಬಂಧ ಕೆಡುತ್ತಿತ್ತು. ಪತ್ರಿಕೆ ಅದನ್ನು ಕೈಬಿಡಲು ನೋಡಿದಾಗಲೆಲ್ಲ ಓದುಗರ ದೂರು ಬಂತು. ಹಕ್ಕುಸ್ವಾಮ್ಯ ಪಡೆಯುವ ಮಾತು ಎದ್ದಾಗ ಪತ್ರಿಕೆ ಅದಕ್ಕೆ ಹಣ ಹಾಕಲು ಒಪ್ಪಲಿಲ್ಲ. ವಿನ್‌ಗೂ ದಣಿವಾಗಿತ್ತು. ಓದುಗರು ಕಳಿಸಿದ ಬಂಧಗಳ ರಾಶಿ ಮೇಜಿನ ಮೇಲೆ ಬೆಳೆಯುತ್ತಲೇ ಇತ್ತು.

ಆ ರಾಶಿಯ ಮುಂದೆ ಬಂದು ಕೂತವಳು ಮಾರ್ಗರೆಟ್ ಪೆದರ್‌ಬ್ರಿಜ್. 1897ರಲ್ಲಿ ಬ್ರೂಕ್ಲಿನ್‌ನಲ್ಲಿ ಹುಟ್ಟಿ, ಸ್ಮಿತ್ ಕಾಲೇಜಿನಲ್ಲಿ ಓದಿ, ಪತ್ರಕರ್ತೆಯಾಗುವ ಆಸೆ ಹೊತ್ತು ‘ವರ್ಲ್ಡ್’ಗೆ ಸೇರಿದ್ದಳು. ಭಾನುವಾರದ ಸಂಪಾದಕರ ಕಾರ್ಯದರ್ಶಿಯ ಕೆಲಸ ಸಿಕ್ಕಿತು, ಅದರ ಜೊತೆಗೆ ಯಾರಿಗೂ ಬೇಡವಾದ ಈ ಪದಗಳ ಹೊರೆ. ಆಕೆಗೆ ಅದು ಕಿರುಕುಳವೆನಿಸಿತು. ಕಣ್ಣಿಗೆ ಚೆಂದ ಕಂಡದ್ದನ್ನು ಎತ್ತಿಕೊಂಡು ಹಾಗೆಯೇ ಅಚ್ಚಿಗೆ ಕಳಿಸುತ್ತಿದ್ದಳು. ಒಂದನ್ನೂ ಬಿಡಿಸಿ ನೋಡಿರಲಿಲ್ಲ. ಸುಳಿವಿಗೂ ಮನೆಗೂ ತಾಳೆಯಾಗದ, ಅರ್ಧ ಸುಳಿವೇ ಬಿಟ್ಟುಹೋದ, ಅಂಕಿ ಅದಲುಬದಲಾದ ಬಂಧಗಳು ವಾರ ವಾರವೂ ಹೊರಬಿದ್ದವು.

ಹೆಸರಾಂತ ಅಂಕಣಕಾರ ಫ್ರಾಂಕ್ಲಿನ್ ಪಿ. ಆಡಮ್ಸ್ ಅದೇ ಪತ್ರಿಕೆಗೆ ಬಂದ ಮೇಲೆ ಕತೆ ತಿರುಗಿತು. ಆತನಿಗೆ ಈ ಆಟದ ಗೀಳು. ಭಾನುವಾರದ ಬಂಧದಲ್ಲಿ ಕಂಡ ತಪ್ಪುಗಳನ್ನು ಸೋಮವಾರ ಅವಳ ಮೇಜಿಗೆ ತಂದು ಎಣಿಸಿ ತೋರಿಸುತ್ತಿದ್ದ. ಹಲವು ಸೋಮವಾರಗಳು ಕಳೆದವು. ಕೊನೆಗೊಮ್ಮೆ ಮಾರ್ಗರೆಟ್ ಪೆನ್ಸಿಲ್ ಹಿಡಿದು ತನ್ನದೇ ಪುಟದ ಬಂಧವನ್ನು ಬಿಡಿಸಲು ಕೂತಳು. ಆಗಲಿಲ್ಲ. ಸುಳಿವು ಒಂದು ಕಡೆ ಎಳೆದರೆ ಮನೆಗಳು ಇನ್ನೊಂದು ಕಡೆ ಎಳೆದವು. ಓದುಗರು ಇಷ್ಟು ವರ್ಷ ಏನನ್ನು ಸಹಿಸಿಕೊಂಡಿದ್ದರೆಂದು ಆಕೆಗೆ ಆ ಹೊತ್ತಿನಲ್ಲಿ ಗೊತ್ತಾಯಿತು. ಎಡಗೈಯನ್ನು ನಿಘಂಟಿನ ಮೇಲಿಟ್ಟು ಬಲಗೈ ಎತ್ತಿ, ಇನ್ನು ಮುಂದೆ ತಪ್ಪಿಲ್ಲದ ಬಂಧವನ್ನೇ ಕೊಡುತ್ತೇನೆಂದು ಆಣೆ ಮಾಡಿದ್ದಾಗಿ ಆಕೆಯೇ ಮುಂದೆ ನೆನೆದಳು.

ಈ ಆಟದ ನಿಜವಾದ ಆವಿಷ್ಕಾರ ನಡೆದದ್ದು ಆ ಮೇಜಿನ ಮುಂದೆಯೇ. ವಿನ್ ಗೆರೆ ಎಳೆದ, ಮಾರ್ಗರೆಟ್ ಅದಕ್ಕೆ ನ್ಯಾಯ ಕೊಟ್ಟಳು. ಪ್ರತಿ ಅಕ್ಷರವೂ ಅಡ್ಡಪದ ಉದ್ದಪದ ಎರಡರಲ್ಲೂ ಬರಬೇಕೆಂದಳು. ಎರಡೇ ಅಕ್ಷರದ ಪದಗಳನ್ನು ತೆಗೆದಳು. ಕಪ್ಪು ಮನೆಗಳು ಆರನೇ ಒಂದು ಭಾಗ ಮೀರಬಾರದು, ಜಾಲವನ್ನು ತಿರುಗಿಸಿ ಇಟ್ಟರೂ ವಿನ್ಯಾಸ ಬದಲಾಗಬಾರದು. ಅಚ್ಚಿಗೆ ಮುನ್ನ ಯಾರಾದರೂ ಕೂತು ಬಿಡಿಸಿ ನೋಡಲೇಬೇಕು. ಇದ್ಯಾವುದೂ ಕಟ್ಟುವವನಿಗೆ ಅನುಕೂಲದ್ದಲ್ಲ. ಎಲ್ಲವೂ ಬಿಡಿಸುವವನ ಪರ.

ಅಷ್ಟರಲ್ಲಿ ಅದೃಷ್ಟವೂ ಬಾಗಿಲು ತಟ್ಟಿತು. 1924ರ ಆರಂಭದಲ್ಲಿ ರಿಚರ್ಡ್ ಸೈಮನ್ ಮತ್ತು ಲಿಂಕನ್ ಷುಸ್ಟರ್ ಎಂಬ ಇಬ್ಬರು ತರುಣರು ಪ್ರಕಾಶನ ತೆರೆದು ಪುಸ್ತಕಕ್ಕಾಗಿ ಹುಡುಕುತ್ತಿದ್ದರು. ಸೈಮನ್‌ನ ಚಿಕ್ಕಮ್ಮನೊಬ್ಬಳು ಪದಬಂಧಗಳ ಪುಸ್ತಕ ಎಲ್ಲಾದರೂ ಸಿಗುತ್ತದೆಯೇ ಎಂದು ಕೇಳಿದಳು. ಹುಡುಕಿದರೆ ಅಂಥ ಪುಸ್ತಕವೇ ಇರಲಿಲ್ಲ. ಬಲ್ಲವರೆಲ್ಲ ಬೇಡವೆಂದರು. ಮುಳುಗಿದರೆ ತಮ್ಮ ಹೆಸರು ಕೆಡದಿರಲೆಂದು ಇಬ್ಬರೂ ಬೇರೊಂದು ಹೆಸರಿನಲ್ಲಿ 3,600 ಪ್ರತಿ ಅಚ್ಚು ಹಾಕಿಸಿದರು. ಪ್ರತಿ ಪುಸ್ತಕಕ್ಕೂ ಒಂದು ಪೆನ್ಸಿಲ್ ಕಟ್ಟಿದರು. ಮಾರ್ಗರೆಟ್ ಇನ್ನಿಬ್ಬರ ಜೊತೆ ಸೇರಿ ಸಂಪಾದಿಸಿದ್ದ ಆ ಪುಸ್ತಕ ವರ್ಷ ತುಂಬುವುದರೊಳಗೆ ಲಕ್ಷಗಟ್ಟಲೆ ಮಾರಾಟವಾಯಿತು. ಬಾಲ್ಟಿಮೋರ್–ಓಹಾಯೊ ರೈಲು ಕಂಪನಿ ಪ್ರಯಾಣಿಕರಿಗಾಗಿ ಗಾಡಿಯಲ್ಲಿ ನಿಘಂಟು ಇಟ್ಟಿತು. ಇದೊಂದು ಹುಚ್ಚು, ಕಾಲಹರಣ ಎಂದು ಅದೇ ವರ್ಷ ಹೀಗಳೆದ ‘ನ್ಯೂಯಾರ್ಕ್ ಟೈಮ್ಸ್’ 1942ರಲ್ಲಿ ಎರಡನೆಯ ಮಹಾಯುದ್ಧದ ಕತ್ತಲೆಯ ದಿನಗಳಲ್ಲಿ ತಾನೇ ಪದಬಂಧ ಆರಂಭಿಸಿತು, ಸಂಪಾದಕಿಯಾಗಿ ಮಾರ್ಗರೆಟ್‌ಳನ್ನೇ ಕರೆಯಿತು.

ಅಟ್ಲಾಂಟಿಕ್ ದಾಟಿದ ಆಟಕ್ಕೆ ಬ್ರಿಟನ್ನಿನಲ್ಲಿ ಬೇರೆಯೇ ರುಚಿ ಹತ್ತಿತು. ಅರ್ಥ ಕೊಟ್ಟು ಪದ ಕೇಳುವುದು ಅಲ್ಲಿನವರಿಗೆ ಸಪ್ಪೆಯೆನಿಸಿತು. ಕವಿ, ಅನುವಾದಕ ಎಡ್ವರ್ಡ್ ಪೋವಿಸ್ ಮ್ಯಾಥರ್ಸ್ 1926ರಿಂದ ‘ಅಬ್ಸರ್ವರ್’ ಪತ್ರಿಕೆಯಲ್ಲಿ ‘ಟಾರ್ಕ್ವಿಮಾಡ’ ಎಂಬ ಹೆಸರಿನಲ್ಲಿ ಬಂಧ ಕಟ್ಟಿದ. ಅದು ಸ್ಪೇನಿನ ಕ್ರೂರ ಧರ್ಮವಿಚಾರಕನ ಹೆಸರು. ಮ್ಯಾಥರ್ಸ್‌ನ ಸುಳಿವು ಒಂದು ಹೇಳಿದಂತೆ ತೋರಿ ಇನ್ನೊಂದನ್ನು ಕೇಳುತ್ತಿತ್ತು. 1930ರಲ್ಲಿ ಲಂಡನ್ನಿನ ‘ಟೈಮ್ಸ್’ ಪತ್ರಿಕೆಯೂ ಸೋತು ಒಪ್ಪಿಕೊಂಡಿತು. ಅಲ್ಲಿಗೆ ಮೊದಲ ಬಂಧ ಕಟ್ಟಿಕೊಟ್ಟ ಏಡ್ರಿಯನ್ ಬೆಲ್ ಹಳ್ಳಿಯಲ್ಲಿ ಬೇಸಾಯ ಮಾಡಿಕೊಂಡಿದ್ದ ಲೇಖಕ. ಅದುವರೆಗೆ ಒಂದೇ ಒಂದು ಪದಬಂಧವನ್ನೂ ಬಿಡಿಸಿದವನಲ್ಲ. ಕಲಿಯಲು ಸಿಕ್ಕಿದ್ದು ಹತ್ತೇ ದಿನ. ಅಂಥವನು ಮುಂದೆ ಸುಮಾರು ಐದು ಸಾವಿರ ಬಂಧ ಕಟ್ಟಿದ.

ಬ್ರಿಟಿಷರ ಈ ವಕ್ರ ಸುಳಿವಿಗೆ ಬೇಕಾದ ಹತಾರಗಳನ್ನು ಒದಗಿಸಿದ್ದು ಆಟದ ಮೈದಾನ. ಕ್ರಿಕೆಟ್ಟಿನ ಸ್ಕೋರ್ ಪಟ್ಟಿಯಲ್ಲಿ ಪ್ರತಿಯೊಂದಕ್ಕೂ ಒಂದೊಂದು ಅಕ್ಷರದ ಗುರುತಿತ್ತು. ಕ್ಯಾಚಿಗೆ ಸಿ, ಬೌಲ್ಡ್‌ಗೆ ಬಿ, ರನ್ನಿಗೆ ಆರ್, ಓಟ ಕೊಡದ ಮೇಡನ್ ಓವರಿಗೆ ಎಂ. ಸುಳಿವಿನಲ್ಲಿ ಕನ್ಯೆಯೊಬ್ಬಳು, ಅಂದರೆ ‘ಮೇಡನ್’, ಬಂದರೆ ಉತ್ತರಕ್ಕೆ ಎಂ ಸೇರುತ್ತಿತ್ತು. ಬಾತುಕೋಳಿ, ಅಂದರೆ ‘ಡಕ್’, ಬಂದರೆ ಬ್ಯಾಟುಗಾರ ಸೊನ್ನೆಗೆ ಔಟಾದನೆಂದು ತಿಳಿದು ಓ ಬರೆಯಬೇಕಾಯಿತು. ಕಾಲಿನ ಮಾತು ಬಂದರೆ ಲೆಗ್ ಸೈಡ್, ಅಂದರೆ ‘ಆನ್’. ಕ್ರಿಕೆಟ್ ಗೊತ್ತಿಲ್ಲದವನು ಕನ್ಯೆಯನ್ನೂ ಬಾತುಕೋಳಿಯನ್ನೂ ನಂಬಿ ಗಂಟೆಗಟ್ಟಲೆ ಅಲೆದ. ಮೈದಾನದ ಮಾತು ಕಿವಿಗೆ ಬಿದ್ದವನಿಗೆ ಅರೆಕ್ಷಣ ಸಾಕಾಯಿತು.

ಮೈದಾನದಿಂದಲೇ ಬಂದ ಒಬ್ಬ ಪದಬಂಧಕಾರನೂ ಇದ್ದ. ಅವನ ಕತೆಯಷ್ಟು ಮೈನವಿರೇಳಿಸುವ ಅಧ್ಯಾಯ ಈ ಆಟದ ಚರಿತ್ರೆಯಲ್ಲಿ ಮತ್ತೊಂದಿಲ್ಲ. ಹೆಸರು ಲಿಯೊನಾರ್ಡ್ ಡಾ. ಕನ್ನಡಕ ಹಾಕಿಕೊಂಡೇ ಫುಟ್‌ಬಾಲ್ ಆಡುತ್ತಿದ್ದ ಹವ್ಯಾಸಿ ಮುಂಪಡೆ ಆಟಗಾರ. ಸೌತಾಂಪ್ಟನ್ ತಂಡಕ್ಕೆ ಆಡಿದ, 1912ರಲ್ಲಿ ಇಂಗ್ಲೆಂಡಿನ ಹವ್ಯಾಸಿ ತಂಡಕ್ಕೂ ಆಡಿದ. ಅದೇ ವರ್ಷ ಸ್ಟಾಕ್‌ಹೋಮ್ ಒಲಿಂಪಿಕ್ಸಿಗೆ ಹೋದ ಬ್ರಿಟನ್ ತಂಡದಲ್ಲಿದ್ದರೂ ಮೈದಾನಕ್ಕಿಳಿಯುವ ಅವಕಾಶ ಸಿಗಲಿಲ್ಲ. ಮುಂದೆ ಮೇಷ್ಟ್ರಾಗಿ, ಲಂಡನ್ನಿನ ಸ್ಟ್ರ್ಯಾಂಡ್ ಶಾಲೆಗೆ ಮುಖ್ಯೋಪಾಧ್ಯಾಯನಾದ. ‘ಡೈಲಿ ಟೆಲಿಗ್ರಾಫ್’ 1925ರ ಜುಲೈ 30ರಂದು ಪದಬಂಧ ಆರಂಭಿಸಿದಾಗ ಕಟ್ಟಿಕೊಟ್ಟವನು ಇವನೇ.

1942ರ ಆಗಸ್ಟಿನಲ್ಲಿ ಅವನ ಬಂಧದಲ್ಲಿ ಒಂದು ಸುಳಿವು ಬಂತು: ಫ್ರಾನ್ಸಿನ ಒಂದು ಬಂದರು. ಉತ್ತರ ಡಿಯೆಪ್. ಉತ್ತರ ಅಚ್ಚಾದ ಮರುದಿನ, ಆಗಸ್ಟ್ 19ರಂದು, ಮಿತ್ರಪಡೆಗಳು ಡಿಯೆಪ್ ಮೇಲೆ ದಾಳಿ ಮಾಡಿ ಭಾರಿ ನಷ್ಟ ಅನುಭವಿಸಿದವು. ಯಾರೋ ಶತ್ರುವಿಗೆ ಸುದ್ದಿ ಮುಟ್ಟಿಸಿದರೇ? ವಿಚಾರಣೆ ನಡೆಯಿತು. ಕಾಕತಾಳೀಯವೆಂದು ಕಡತ ಮುಚ್ಚಿದರು.

ಎರಡು ವರ್ಷ ಕಳೆಯಿತು. ಮಿತ್ರಪಡೆಗಳು ಫ್ರಾನ್ಸಿನ ನಾರ್ಮಂಡಿ ತೀರದಲ್ಲಿ ಇಳಿಯುವ ಸಿದ್ಧತೆ ಭಾರಿ ಗುಟ್ಟಿನಲ್ಲಿ ನಡೆದಿತ್ತು. 1944ರ ಮೇ 2ರ ಬಂಧದಲ್ಲಿ ‘ಯೂಟಾ’ ಬಂತು. ಅದು ಅಮೆರಿಕನ್ನರು ಇಳಿಯಬೇಕಿದ್ದ ಒಂದು ತೀರದ ಗುಪ್ತನಾಮ. ಮೇ 22ಕ್ಕೆ ‘ಒಮಾಹ’, ಎರಡನೆಯ ತೀರ. ಮೇ 27ಕ್ಕೆ ‘ಓವರ್‌ಲಾರ್ಡ್’, ಅದು ಇಡೀ ಕಾರ್ಯಾಚರಣೆಯ ಹೆಸರು. ಮೇ 30ಕ್ಕೆ ‘ಮಲ್ಬರಿ’, ಸಮುದ್ರದಲ್ಲಿ ತೇಲಿಸಿ ಒಯ್ಯಲಿದ್ದ ಕೃತಕ ಬಂದರು. ಜೂನ್ 1ಕ್ಕೆ ‘ನೆಪ್ಚೂನ್’, ನೌಕಾಪಡೆಯ ಪಾಲಿನ ಕೆಲಸಕ್ಕಿಟ್ಟ ಹೆಸರು. ದಾಳಿಗೆ ಇನ್ನೈದೇ ದಿನ ಉಳಿದಿತ್ತು.

ಗುಪ್ತಚರರು ಮುಖ್ಯೋಪಾಧ್ಯಾಯನ ಬಾಗಿಲಿಗೆ ಬಂದರು. ಇಂಥ ಪದಗಳನ್ನೇ ಏಕೆ ಹಾಕಿದೆ? ಯಾರು ಹೇಳಿಕೊಟ್ಟರು? ಡಾಗೆ ಹೇಳಲು ಏನೂ ಇರಲಿಲ್ಲ. ಆ ವಿಚಾರಣೆ ತನ್ನನ್ನು ಹಿಂಡಿಹಾಕಿತೆಂದು ಆತ ಮುಂದೆ ಬಿಬಿಸಿಯಲ್ಲಿ ನೆನಪಿಸಿಕೊಂಡ. ಗೂಢಚಾರಿಕೆಯ ಯಾವ ಎಳೆಯೂ ಸಿಗದೆ ಅವನನ್ನು ಬಿಟ್ಟರು. ಜೂನ್ 6ರಂದು ಸೈನ್ಯ ನಾರ್ಮಂಡಿಯಲ್ಲಿ ಇಳಿಯಿತು. ಡಾ 1963ರಲ್ಲಿ ತೀರಿಕೊಂಡ. ಒಗಟು ಹಾಗೆಯೇ ಉಳಿಯಿತು.

ಉತ್ತರ ಬಂದದ್ದು 1984ರಲ್ಲಿ. ರೊನಾಲ್ಡ್ ಫ್ರೆಂಚ್ ಎಂಬಾತ ಮುಂದೆ ಬಂದು ತಾನು ಆಗ ಸ್ಟ್ರ್ಯಾಂಡ್ ಶಾಲೆಯ ವಿದ್ಯಾರ್ಥಿಯಾಗಿದ್ದೆ ಎಂದ. ಬಾಂಬಿನ ಭಯಕ್ಕೆ ಶಾಲೆ ಸರ್ರೆ ಸೀಮೆಯ ಎಫಿಂಗ್‌ಹ್ಯಾಮ್‌ಗೆ ಸ್ಥಳಾಂತರವಾಗಿತ್ತು. ಸುತ್ತಮುತ್ತ ದಾಳಿಗೆ ಸಜ್ಜಾಗುತ್ತಿದ್ದ ಸೈನಿಕರ ಬಿಡಾರಗಳು. ಮುಖ್ಯೋಪಾಧ್ಯಾಯರು ಹುಡುಗರನ್ನು ಕರೆದು ಖಾಲಿ ಜಾಲ ಕೊಟ್ಟು ಪದ ತುಂಬಿಸಲು ಹೇಳುತ್ತಿದ್ದರು. ಆಮೇಲೆ ಆ ಪದಗಳಿಗೆ ತಾವು ಸುಳಿವು ಬರೆಯುತ್ತಿದ್ದರು. ಆಗ ಹದಿನಾಲ್ಕರ ಹುಡುಗನಾಗಿದ್ದ ಫ್ರೆಂಚ್ ಬಿಡಾರಗಳಲ್ಲಿ ಅಡ್ಡಾಡಿ ಕಿವಿಗೆ ಬಿದ್ದ ಠೀವಿಯ ಪದಗಳನ್ನೆಲ್ಲ ವಹಿಯಲ್ಲಿ ಬರೆದುಕೊಂಡಿದ್ದ, ಅವನ್ನೇ ಜಾಲಕ್ಕೆ ತುಂಬಿದ್ದ. ವಿಚಾರಣೆಯ ನಂತರ ಮೇಷ್ಟ್ರು ಅವನನ್ನು ಕರೆಸಿ ವಹಿಗಳನ್ನು ಸುಡಿಸಿ, ಬೈಬಲ್ ಮುಟ್ಟಿಸಿ ಬಾಯಿ ಬಿಡದಂತೆ ಆಣೆ ಹಾಕಿಸಿದರಂತೆ. ಈ ಮಾತನ್ನು ಎಲ್ಲರೂ ನಂಬಿಲ್ಲ. ಆದರೆ ಇಷ್ಟು ಸರಳವಾಗಿ ಎಲ್ಲ ಎಳೆಗಳನ್ನೂ ಜೋಡಿಸುವ ಬೇರೆ ವಿವರಣೆ ಸಿಕ್ಕಿಲ್ಲ. ಒಂದೇ ವಿಷಯದ ಐದು ಪದಗಳು ಬಂಧಗಳಲ್ಲಿ ಅಡಗಿ ಕೂತಿದ್ದವು, ಸುಳಿವು ಬರೆದವನಿಗೇ ಅದು ಗೊತ್ತಿರಲಿಲ್ಲ.

ಬೇಕೆಂದೇ ಹಾಗೆ ಅಡಗಿಸಿದರೆ? ಆ ಕೆಲಸವನ್ನು 1950ರ ದಶಕದಲ್ಲಿ ಅಮೆರಿಕದಲ್ಲಿ ಕೆಲವರು ಕೈಗೆತ್ತಿಕೊಂಡರು. ಅವರಲ್ಲಿ ಮುಂದಾಳು ಜಾಹೀರಾತು ಬರೆಯುವ ಹೆರಾಲ್ಡ್ ಬರ್ಸ್. ಜಾಲದ ಉದ್ದುದ್ದ ಪದಗಳನ್ನೆಲ್ಲ ಒಂದೇ ವಿಷಯದ ದಾರದಲ್ಲಿ ಪೋಣಿಸಿ, ಆ ವಿಷಯ ಯಾವುದೆಂದು ಮಾತ್ರ ಹೇಳದೆ ಬಿಡುತ್ತಿದ್ದ. ಬಿಡಿಸುವವನು ಮೊದಲ ಪದವನ್ನು ಕಷ್ಟಪಟ್ಟು ಹಿಡಿದ. ಎರಡನೆಯದಕ್ಕೆ ಬಂದಾಗ ಅನುಮಾನ ಹುಟ್ಟಿತು. ಮೂರನೆಯದಕ್ಕೆ ಗುಟ್ಟು ಒಡೆಯಿತು. ಉಳಿದವು ತಾವಾಗಿ ಬಿದ್ದವು. ಮಾರ್ಗರೆಟ್ ಇಂಥ ಬಂಧಗಳಿಗೆ ‘ನ್ಯೂಯಾರ್ಕ್ ಟೈಮ್ಸ್’ನಲ್ಲಿ ಜಾಗ ಕೊಟ್ಟಳು, 1969ರವರೆಗೂ ಆ ಕುರ್ಚಿಯಲ್ಲಿದ್ದಳು.

ಕನ್ನಡಕ್ಕೆ ಬಂದಾಗ ಆಟ ಹೊಸ ತೊಡಕಿಗೆ ಸಿಕ್ಕಿತು. ಇಂಗ್ಲಿಷಿನಲ್ಲಿ ಒಂದು ಮನೆಗೆ ಇಪ್ಪತ್ತಾರು ಅಕ್ಷರಗಳಲ್ಲಿ ಒಂದು. ಕನ್ನಡದಲ್ಲಿ ಕಾಗುಣಿತದ ಅಕ್ಷರಗಳೇ ನಾನೂರಕ್ಕೂ ಮೇಲೆ, ಒತ್ತಕ್ಷರಗಳು ಸೇರಿದರೆ ಲೆಕ್ಕ ಇನ್ನೂ ಬೆಳೆಯುತ್ತದೆ. ‘ಡ್ಡಿ’ ಒಂದೇ ಮನೆ, ‘ರಂ’ ಒಂದೇ ಮನೆ. ಅಡ್ಡ ಉದ್ದ ಪದಗಳೆರಡೂ ‘ಡ್ಡಿ’ಯಲ್ಲೇ ಸಂಧಿಸಬೇಕೆಂದರೆ ಕಟ್ಟುವವನು ನಿಘಂಟನ್ನು ಜಾಲಾಡಬೇಕಾಗುತ್ತದೆ. ಕ್ರೀಡೆಯ ಪದಗಳು ಇನ್ನೂ ಹಟಮಾರಿ. ‘ಕ್ರಿಕೆಟ್’ ಬರೆದರೆ ಕೊನೆಯ ಮನೆಯಲ್ಲಿ ಅರ್ಧಾಕ್ಷರ ‘ಟ್’ ಒಂಟಿಯಾಗಿ ನಿಲ್ಲುತ್ತದೆ. ಅದರ ಮೇಲೆ ಹಾಯುವ ಅಚ್ಚಕನ್ನಡ ಪದ ಎಲ್ಲಿ ತರುವುದು? ಕನ್ನಡದ ಪದ ಸ್ವರದಲ್ಲಿ ಮುಗಿಯುವುದೇ ರೂಢಿ. ದಾರಿಯೂ ಕ್ರೀಡೆಯೊಳಗೇ ಇತ್ತು. ಮೇಲಿನಿಂದ ‘ಬ್ಯಾಟ್’ ಇಳಿದು ಬಂದರೆ ಅದೂ ಅದೇ ‘ಟ್’ನಲ್ಲೇ ನಿಲ್ಲುತ್ತದೆ.

ಈ ತೊಡಕಿನೊಂದಿಗೆ ಜೀವಮಾನವಿಡೀ ಗುದ್ದಾಡಿದ ಹೆಸರು ಅ.ನಾ. ಪ್ರಹ್ಲಾದರಾವ್ ಅವರದು. 1953ರಲ್ಲಿ ಕೋಲಾರ ಜಿಲ್ಲೆಯ ಅಬ್ಬಣಿಯಲ್ಲಿ ಹುಟ್ಟಿ, ರಾಜ್ಯ ಸರ್ಕಾರದ ವಾರ್ತಾ ಇಲಾಖೆಯಲ್ಲಿ ದುಡಿದ ಅವರು ಕನ್ನಡದಲ್ಲಿ ಮೂವತ್ತು ಸಾವಿರಕ್ಕೂ ಮಿಕ್ಕಿ ಪದಬಂಧ ಕಟ್ಟಿದರು. ಪ್ರಾದೇಶಿಕ ಭಾಷೆಯೊಂದರಲ್ಲಿ ಅತಿ ಹೆಚ್ಚು ಪದಬಂಧ ರಚಿಸಿದವರೆಂದು ಲಿಮ್ಕಾ ದಾಖಲೆ ಪುಸ್ತಕ ಅವರನ್ನು ಗುರುತಿಸಿತು. ಕನ್ನಡ ಸಿನಿಮಾವನ್ನೇ ವಿಷಯವಾಗಿಟ್ಟುಕೊಂಡು ಕಟ್ಟಿದ ಬಂಧಗಳೂ ಅವುಗಳಲ್ಲಿದ್ದವು.

ಸಿನಿಮಾಕ್ಕೆ ಸಲ್ಲುವುದು ಕ್ರೀಡೆಗೂ ಸಲ್ಲುತ್ತದೆ. ಅದು ಹೇಗೆ ನಡೆದೀತೆಂಬುದನ್ನು ಅರಭಾವಿಯ ಒಂದು ಬೆಳಗಿನಲ್ಲಿಟ್ಟು ಕಾಣಬಹುದು. ತೋಟಗಾರಿಕೆ ಕಾಲೇಜು, ದುರದುಂಡೀಶ್ವರ ಮಠಗಳಿಂದ ನಾಡಿಗೆ ಗೊತ್ತಿರುವ ಊರು. ಸುತ್ತ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳು. ಜಾತ್ರೆ ಎಂದರೆ ಕುಸ್ತಿಯ ಕಣ ನೆನಪಾಗುವ ಸೀಮೆ. ಕಟ್ಟೆಯ ಮೇಲೆ ನಿವೃತ್ತ ಮಾಸ್ತರರೊಬ್ಬರು, ಪಕ್ಕದಲ್ಲಿ ಮೊಮ್ಮಗ, ನಡುವೆ ಪೇಪರ್ ಎಂದು ಕಲ್ಪಿಸಿಕೊಂಡರೆ ಸಾಕು. ಬಂಧಕ್ಕೆ ಶೀರ್ಷಿಕೆ ಇಲ್ಲ, ವಿಷಯವನ್ನೂ ಹೇಳಿಲ್ಲ.

ಎಡದಿಂದ ಬಲಕ್ಕೆ, ಮೊದಲ ಸುಳಿವು: ‘ಸಾಲಗಾರ ಕಟ್ಟುವುದರ ಮುಂದೆ ಕ ನಿಂತರೆ ಉಸಿರು ಬಿಡುವಂತಿಲ್ಲ’. ಮೂರು ಮನೆ. ಹುಡುಗ ಕಂತು ಎಂದ, ಮುದ್ದಲು ಎಂದ. ಯಾವುದೂ ಕೂಡಲಿಲ್ಲ. ಅಜ್ಜ ಆ ಸುಳಿವನ್ನು ಬಿಟ್ಟು ಮೇಲಿನಿಂದ ಕೆಳಕ್ಕೆ ಹೋದರು. ‘ಗಡಿಯೊಳಗೆ ರ ನುಗ್ಗಿದರೆ ಮೈಗೆ ಮಣ್ಣು’. ಅವರು ಗಡಿ ಜಿಲ್ಲೆಯಲ್ಲೇ ಬಾಳಿದವರು. ಆದರೂ ಗಡಿ ಎಂದೊಡನೆ ಚೆಕ್‌ಪೋಸ್ಟು, ಮಹಾರಾಷ್ಟ್ರ ಎಂದು ಮನಸ್ಸು ಎಲ್ಲೆಲ್ಲೋ ಹೋಯಿತು. ಮೊಮ್ಮಗ ಅಕ್ಷರಗಳನ್ನು ಬಿಡಿಸಿ ಬರೆದ. ಗ, ರ, ಡಿ.

“ಅಜ್ಜಾ, ಗರಡಿ! ಗರಡಿಮನಿ!”

“ಹೌದಲ್ಲೋ ತಮ್ಮಾ. ಕಣ್ಣ ಮುಂದ ಇತ್ತು, ಕಾಣಲಿಲ್ಲ ನೋಡು.”

ಗರಡಿ ಸಿಕ್ಕ ಮೇಲೆ ಹುಡುಗನ ಕಣ್ಣು ಮೊದಲ ಸುಳಿವಿಗೆ ಮರಳಿತು. ಉಸಿರು ಬಿಡುವಂತಿಲ್ಲ! ಬಡ್ಡಿಯ ಮುಂದೆ ಕ ಇಟ್ಟು ಕಬಡ್ಡಿ ಎಂದು ಕೂಗಿದ. ಅಜ್ಜನಿಗೆ ಅನುಮಾನ ಬಂದದ್ದು ಆಗಲೇ. ಎರಡೂ ಆಟದ ಕಡೆಯವು. ಮುಂದಿನದು: ‘ಹುಕ್ಕೇರಿ ಗುಮ್ಮಟದೊಳಗಿನದಕ್ಕೆ ಲ ಜೋಡಿಸಿ, ಕಲ್ಲು ಪೇರಿಸಿ’. ಗುಮ್ಮಟದೊಳಗೆ ಗೋರಿ. ಲಗೋರಿ. ‘ಪಡೆಯ ನಡುವೆ ಗ ನಿಂತು ಧರ್ಮರಾಯ ರಾಜ್ಯ ಕಳೆದುಕೊಂಡ’. ಪಗಡೆ. ‘ಪೈಲ್ವಾನ ಹಾಕುವುದು, ಮೊಂಡ ಹಿಡಿಯುವುದು’ ಎಂಬುದಕ್ಕೆ ಇಬ್ಬರೂ ಒಟ್ಟಿಗೆ ಪಟ್ಟು ಎಂದರು. ಪಗಡೆಯ ಪ, ಪಟ್ಟಿನ ಪ ಒಂದೇ ಮನೆಯಲ್ಲಿ ಕೂತವು.

ಉಳಿದದ್ದು ಒಂದೇ. ‘ವೈಶಾಖ ಬರೆದ ಕಾದಂಬರಿಕಾರರು’. ನಾಲ್ಕು ಮನೆ. ಕೊನೆಯದು ಗರಡಿಯ ಗ.

“ಕಾದಂಬರಿ ಬರದವ್ರ ಹೆಸರು ನನಗೆಲ್ಲಿಂದ ಗೊತ್ತಾಗಬೇಕಜ್ಜಾ?”

ಅಜ್ಜನಿಗೂ ಹೆಸರು ನಾಲಿಗೆಯ ತುದಿಯಲ್ಲೇ ಸಿಕ್ಕಿಕೊಂಡಿತು. ಹುಡುಗ ಪುಸ್ತಕ ಓದಿರಲಿಲ್ಲ, ಆದರೆ ಬಂಧದ ಗುಟ್ಟು ಅವನ ಕೈಯಲ್ಲಿತ್ತು. ನಾಲ್ಕು ಅಕ್ಷರದ, ಗ ದಲ್ಲಿ ಮುಗಿಯುವ ಆಟ ಯಾವುದು? ಬೆರಳು ಮಡಚಿ ಎಣಿಸಿದ. ಚ, ದು, ರಂ, ಗ.

ವೈಶಾಖ ಕಾದಂಬರಿಗೆ 1982ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಸುಬ್ರಹ್ಮಣ್ಯರಾಜೇ ಅರಸರ ಕಾವ್ಯನಾಮ ಚದುರಂಗ. ಸಾಹಿತ್ಯ ಬಲ್ಲವನಿಗೆ ಆ ಹೆಸರಿನಿಂದ ಆಟದ ಎಳೆ ಸಿಗುತ್ತಿತ್ತು. ಆಟ ಬಲ್ಲ ಹುಡುಗನಿಗೆ ಆಟದ ಎಳೆಯಿಂದ ಹೆಸರು ಸಿಕ್ಕಿತು.

ಇದರ ಹಿಂದಿನ ತತ್ವ ಚಿಕ್ಕದು. ಪದಬಂಧದಲ್ಲಿ ಪದಗಳು ಸಂಧಿಸುವ ಪ್ರತಿ ಮನೆಗೂ ಇಬ್ಬರು ಸಾಕ್ಷಿಗಳು: ಅಡ್ಡಪದ ಒಂದು, ಉದ್ದಪದ ಇನ್ನೊಂದು. ಒಂದು ಸುಳಿವು ಕೈಕೊಟ್ಟರೂ ಇನ್ನೊಂದು ಅಕ್ಷರವನ್ನು ಕೊಡುತ್ತದೆ. ಮಾರ್ಗರೆಟ್ ಹಟ ಹಿಡಿದು ಕಾಯ್ದದ್ದು ಈ ಎರಡನೆಯ ಸಾಕ್ಷಿಯನ್ನು. ವಿಷಯ ಹಿಡಿದು ಕಟ್ಟಿದ ಬಂಧದಲ್ಲಿ ಮೂರನೆಯ ಸಾಕ್ಷಿಯೂ ಇರುತ್ತದೆ, ಅದು ಜಾಲದಲ್ಲೆಲ್ಲೂ ಬರೆದಿರುವುದಿಲ್ಲ, ಬಿಡಿಸುವವನ ತಲೆಯಲ್ಲೇ ಹುಟ್ಟುತ್ತದೆ. ಕನ್ನಡದ ಬಂಧದಲ್ಲಿ ಇದರ ಬಲ ಇನ್ನೂ ಹೆಚ್ಚು. ನಾನೂರು ಅಕ್ಷರಗಳಲ್ಲಿ ಒಂದು ಗೊತ್ತಾದರೆ ಇಪ್ಪತ್ತಾರರಲ್ಲಿ ಒಂದು ಗೊತ್ತಾದುದಕ್ಕಿಂತ ಬಹಳ ಹೆಚ್ಚು ಗೊತ್ತಾದಂತೆ. ‘ಡ್ಡಿ’ ಸಿಕ್ಕರೆ ಕಬಡ್ಡಿಗೆ ಹೆಚ್ಚು ದೂರವಿಲ್ಲ. ಕಟ್ಟುವವನನ್ನು ಕಾಡಿದ ಅದೇ ತೊಡಕು ಬಿಡಿಸುವವನಿಗೆ ಊರುಗೋಲಾಯಿತು.

ಅರಭಾವಿ ಸೀಮೆಯ ಕನ್ನಡ ಶಾಲೆಗಳ ಮಾಸ್ತರರು ಲಿಯೊನಾರ್ಡ್ ಡಾ ಮಾಡಿದ್ದನ್ನು ಮಾಡಿ ನೋಡಬೇಕು. ಐದು ಅಡ್ಡ, ಐದು ಉದ್ದ ಮನೆಗಳ ಖಾಲಿ ಜಾಲವನ್ನು ಹಲಗೆಯ ಮೇಲೆ ಬರೆದು, ತಾವು ಆಡುವ ಆಟಗಳ ಪದಗಳನ್ನೇ ತುಂಬಿರೆಂದು ಮಕ್ಕಳಿಗೆ ಹೇಳಬೇಕು, ಸುಳಿವನ್ನು ಮಾಸ್ತರರೇ ಬರೆಯಬೇಕು. ಅಚ್ಚಿಗೆ ಕಳಿಸುವ ಮುನ್ನ ಒಮ್ಮೆ ತಾವೇ ಬಿಡಿಸಿ ನೋಡುವುದನ್ನು ಮರೆಯಬಾರದು.